ಪಾರಿವಾಳದ ಬಲೆ

ಸೂರತ್ತಿನ ಜಿಗುಟು ಸೆಕೆಗೆ ನೀರಿನ ಕೂಲರ್ ಹಾಕಿಕೊಂಡರೆ ಬಟ್ಟೆ ಇನ್ನಷ್ಟು ಮೈಗೆ ಅಂಟುತ್ತದೆಯೇ ಹೊರತು ತಂಪೇನೂ ಆಗುವುದಿಲ್ಲ. ಆ ಊರಿನವರಿಗೆಲ್ಲ ಇದು ಗೊತ್ತಿರುವ ವಿಷಯ. ಆದರೂ ಕಳೆದ ತಿಂಗಳು ನಾನು ನನ್ನ ನಾದಿನಿ ರೂಪಾಳನ್ನು ಕರೆದುಕೊಂಡು ಹೋಗಿದ್ದ ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಯಾವ ಪುಣ್ಯಾತ್ಮನೋ ಬೆಂಚುಗಳ ಎದುರಿಗೆ ಒಂದು ದೊಡ್ಡ ಕೂಲರ್ ತಂದು ನಿಲ್ಲಿಸಿದ್ದ. ಕಾಂಪೌಂಡರ್ ಅದಕ್ಕೆ ಬಕೆಟ್ಟಿನಿಂದ ನೀರು ಸುರಿದು ಗುಂಡಿ ಒತ್ತಿದ. ಒಣಗಿದ್ದ ಲಾವಂಚದ ಬೇರು ನೆನೆದು, ಆ ವಾಸನೆ ಗಾಳಿಯ ಜೊತೆ ಸೀದಾ ಮುಖಕ್ಕೆ ಬಂತು.

ಲಾವಂಚ ಅಂದರೆ ಜನ ಮಡಕೆಯ ನೀರು, ಅಜ್ಜಿಯ ಟ್ರಂಕು ಎಂದೆಲ್ಲ ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಆಗುವುದಿಲ್ಲ. ಆರು ವರ್ಷದ ಹಿಂದೆ ಅಹಮದಾಬಾದಿನಲ್ಲಿ ಇಂಥದೇ ಒಂದು ಕೂಲರಿನ ಎದುರಿಗೆ, ಇಂಥದೇ ಬೆಂಚಿನ ಮೇಲೆ ನಾನು ರೋಗಿಯಾಗಿ ಕೂತಿದ್ದೆ. ನನ್ನನ್ನು ಕೈಹಿಡಿದು ಕರೆತಂದವರು ಪಕ್ಕದಲ್ಲಿದ್ದರು. ಆ ಬೇಸಿಗೆಯಲ್ಲಿ ಬಂದಿದ್ದ ಕಾಯಿಲೆ ಎಂದೋ ವಾಸಿಯಾಯಿತು. ಜೊತೆಯಲ್ಲಿದ್ದವರು ಮಾಡಿದ್ದು ಇನ್ನೂ ವಾಸಿಯಾಗಿಲ್ಲ.

ಆಗ ನಾವು ಚಾಂದ್‌ಖೇಡಾದಲ್ಲಿದ್ದೆವು. ನನ್ನ ಗಂಡ ಗಿರೀಶ ವಿಮಾ ಕಚೇರಿಯ ಕೆಲಸದಲ್ಲಿ ಹಾವೇರಿಯಿಂದ ಅಹಮದಾಬಾದಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಮೂರನೇ ಮಹಡಿಯ ಬಾಡಿಗೆ ಮನೆ. ಮುಂದೊಂದು ಬಾಲ್ಕನಿ, ಬಾಲ್ಕನಿಯ ತುಂಬ ಪಾರಿವಾಳದ ಹಿಕ್ಕೆ. ಬಲೆ ಹಾಕಿಸಿ ಎಂದು ಬಂದ ದಿನದಿಂದ ಹೇಳುತ್ತಿದ್ದೆ. "ಬಾಡಿಗಿ ಮನಿಗಿ ಯಾಕ ರೊಕ್ಕ ಸುರೀತಿ" ಎಂದು ಅವರು ಅಷ್ಟಕ್ಕೇ ಬಿಡುತ್ತಿದ್ದರು. ದಿನಾ ಬೆಳಿಗ್ಗೆ ಹಿಕ್ಕೆ ಕೆರೆದು ತೊಳೆಯುವುದು ನನ್ನ ಪಾಲಿಗೆ ಬಂದ ಪೂಜೆಯಾಗಿತ್ತು.

ಹೆರಿಗೆಗೆ ತವರಿಗೆ ಹೋದೆ. ಹಾವೇರಿಯಿಂದ ಒಳಗೆ ನಮ್ಮ ಹಳ್ಳಿ. ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಕೂಸು ಗುಂಡುಗುಂಡಾಗಿತ್ತು, ಹಾಲು ಸಾಕಷ್ಟು ಬರುತ್ತಿತ್ತು, ಅವ್ವ ದಿನಕ್ಕೆರಡು ಸಲ ನೀರು ಕಾಯಿಸಿ ಹರಳೆಣ್ಣೆ ಹಚ್ಚಿ ಎರೆಯುತ್ತಿದ್ದಳು. ಏನೂ ಕಮ್ಮಿಯಿರಲಿಲ್ಲ. ಆದರೂ ನನಗೆ ಅಳು ಬರುತ್ತಿತ್ತು. ಅಳು ನಿಂತ ಮೇಲೆ ಅದಕ್ಕಿಂತ ಕೆಟ್ಟದ್ದು ಬಂತು. ಏನೂ ಅನ್ನಿಸದ ಹಾಗಾಯಿತು. ಕೂಸು ಅತ್ತರೆ ಪಕ್ಕದ ಮನೆಯ ಕೂಸು ಅತ್ತಂತೆ ಕೇಳುತ್ತಿತ್ತು. ಅವ್ವ ಬಾಣಂತಿ ಸನ್ನಿ ಎಂದು ಹೆದರಿ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಹಳ್ಳಿಯ ದವಾಖಾನೆಯ ನರ್ಸು ರಕ್ತ ಕಮ್ಮಿಯಿದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟಳು. ಮನಸ್ಸಿನ ಡಾಕ್ಟರರು ಇರುವುದು ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ. ಅಲ್ಲಿಗೆ ಹೋಗಿ ಬಂದರೆ ಮನೆತನಕ್ಕೆ ಕೆಟ್ಟ ಹೆಸರು ಬರುತ್ತದೆ ಎಂದು ಅಪ್ಪ ಆ ಮಾತನ್ನೇ ಎತ್ತಲು ಬಿಡಲಿಲ್ಲ. ಅಹಮದಾಬಾದಿಗೆ ವಾಪಸು ಹೋದರೆ ಸಾಕು, ದೊಡ್ಡ ಊರು, ಅಲ್ಲಿ ಎಲ್ಲ ಸಿಗುತ್ತದೆ ಎಂದು ನಾನು ದಿನ ಎಣಿಸಿದೆ.

ಎಲ್ಲ ಸಿಗುತ್ತಿತ್ತು, ಸುಳ್ಳಲ್ಲ. ನಮ್ಮ ಮನೆಯಿಂದ ಶೇರ್ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಒಂದು ಟ್ರಸ್ಟಿನ ಆಸ್ಪತ್ರೆ, ಅಲ್ಲಿ ವಾರಕ್ಕೆರಡು ದಿನ ಕೂರುವ ಮನೋವೈದ್ಯೆ, ಹೆಂಗಸರಿಗೆಂದೇ ಬೇರೆ ಸರದಿ. ಇಲ್ಲದಿದ್ದದ್ದು ನನ್ನ ಬಾಯಲ್ಲಿ ಭಾಷೆ. ನನ್ನ ಹಿಂದಿ ತರಕಾರಿ ಗಾಡಿಯ ತನಕ ಹೋಗಿ ನಿಲ್ಲುತ್ತಿತ್ತು. ಬದನೆಕಾಯಿ ಕೊಳ್ಳುವ ಹಿಂದಿಯಲ್ಲಿ ಎದೆಯೊಳಗಿನ ಸಂಕಟ ಹೇಳಲು ಹೊರಟರೆ ಏನಾದೀತು? ಗುಜರಾತಿಯಂತೂ ದೂರವೇ ಉಳಿಯಿತು.

ಆಗ ಬಂದವರು ವತ್ಸಲಕ್ಕ. ನಮ್ಮ ಸೊಸೈಟಿಯಲ್ಲೇ, ಅಂದರೆ ಅದೇ ವಸತಿ ಕಟ್ಟಡದಲ್ಲೇ, ನೆಲಮಹಡಿಯಲ್ಲಿದ್ದರು. ಮೂಲ ದಾವಣಗೆರೆ. ಗಂಡನ ಕೆಲಸಕ್ಕೆಂದು ಬಂದು ಇಪ್ಪತ್ತೈದು ವರ್ಷ ಗುಜರಾತಿನಲ್ಲೇ ಕಳೆದವರು. ಚಾಂದ್‌ಖೇಡಾಕ್ಕೆ ಹೊಸದಾಗಿ ಬಂದ ಯಾವ ಕನ್ನಡದ ಹೆಂಗಸಿಗೂ ಗ್ಯಾಸ್ ಕನೆಕ್ಷನ್ ಕೊಡಿಸುವುದರಿಂದ ಹಿಡಿದು ಸೀರೆಗೆ ಫಾಲ್ ಹೊಲಿಸುವ ತನಕ ಅವರೇ ದಿಕ್ಕು. ಅವರ ಗುಜರಾತಿ ಕೇಳಿ ಅಂಗಡಿಯವನು ಅವರನ್ನು ಅಲ್ಲಿಯದೇ ಮೆಹಸಾಣಾ ಕಡೆಯವರು ಎಂದು ತಿಳಿಯುತ್ತಿದ್ದ. ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಮೇಲೆ ಬಂದವರು, ಹಾಲು ಉಕ್ಕಿ ಒಲೆಯ ಕೆಳಗೆ ಹರಿಯುತ್ತಿದ್ದರೂ ನಾನು ಎದುರಿಗೇ ನಿಂತು ನೋಡುತ್ತಿದ್ದದ್ದನ್ನು ಕಂಡರು. ಗ್ಯಾಸ್ ಆರಿಸಿದರು. ನನ್ನನ್ನು ಕೂರಿಸಿ ಬೆನ್ನು ಸವರಿದರು.

"ಸುಮಾ, ನಾನು ಇಷ್ಟು ದಿನದಿಂದ ನೋಡ್ತಾನೇ ಇದೀನಿ ಕಣೆ. ಇದು ಸುಮ್ನೆ ಬಿಡೋ ಅಂಥದ್ದಲ್ಲ. ಡಾಕ್ಟರ್ ಹತ್ರ ಹೋಗೋಣ. ಭಾಷೆ ಬಗ್ಗೆ ಯೋಚನೆ ಮಾಡ್ಬೇಡ, ನಾನಿದೀನಲ್ಲ."

ಆ ಮಾತಿಗೆ ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಹೆತ್ತವ್ವನಿಗೆ ತಿಳಿಯದ್ದು ಇವರಿಗೆ ತಿಳಿಯಿತಲ್ಲ ಎಂದು. ಗಂಡನಿಗೂ ಅವರೇ ಹೇಳಿ ಒಪ್ಪಿಸಿದರು. ಮೆಟ್ಟಿಲ ಬಳಿ ನಿಂತು ಇಬ್ಬರೂ ಸುಮಾರು ಹೊತ್ತು ಮಾತಾಡಿದ್ದು ಒಳಗಿನಿಂದ ಕೇಳುತ್ತಿತ್ತು, ಏನು ಮಾತೆಂದು ನಾನು ವಿಚಾರಿಸಲಿಲ್ಲ. ನನ್ನ ಪರವಾಗಿ ಜಗಳವಾಡುತ್ತಿದ್ದಾರೆ ಎಂದು ಎದೆ ತುಂಬಿ ಬಂದಿತ್ತು.

ಏಪ್ರಿಲ್ ಶುರುವಿನ ಬಿಸಿಲು. ಅಹಮದಾಬಾದಿನಲ್ಲಿ ಏಪ್ರಿಲ್ ಅಂದರೆ ಮಧ್ಯಾಹ್ನದ ಹೊತ್ತಿಗೆ ಬೀದಿ ನಾಯಿಗಳು ಕೂಡ ಕೆಲಸ ಬಿಟ್ಟು ನೆರಳಿಗೆ ಹೋಗಿರುತ್ತವೆ. ಕೂಸಿಗೆ ಒದ್ದೆ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೋದೆವು. ಬೆಂಚು, ಕೂಲರ್, ಲಾವಂಚದ ವಾಸನೆ. ನಮ್ಮ ಪಕ್ಕದಲ್ಲಿ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡ ಹಳ್ಳಿಯ ಹೆಂಗಸೊಬ್ಬಳು ಕೂತಿದ್ದಳು. ಹಲ್ಲಿನ ಡಾಕ್ಟರ ಸರದಿ ಬಿಟ್ಟು ಇಲ್ಲಿ ಯಾಕೆ ಕೂತಿದ್ದಾಳೆಂದು ನಾನು ನೋಡುತ್ತಿದ್ದೆ.

ಡಾಕ್ಟರಮ್ಮನಿಗೆ ಅರವತ್ತು ದಾಟಿರಬೇಕು. ನೂಲಿನ ಸೀರೆ, ದಪ್ಪ ಕನ್ನಡಕ. ನನ್ನತ್ತ ನೋಡಿ ಗುಜರಾತಿಯಲ್ಲಿ ಏನೋ ಕೇಳಿದರು. "ಏನಾಗ್ತಿದೆ ಎಲ್ಲಾ ಹೇಳು, ಒಂದೂ ಬಿಡ್ಬೇಡ" ಎಂದರು ವತ್ಸಲಕ್ಕ. ನಾನು ಹೇಳಿದೆ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದೆಲ್ಲ ಬಂತು. ಗಂಡನಿಗೂ ಅವ್ವನಿಗೂ ಹೇಳದಿದ್ದ ಮಾತು ಕೂಡ ಬಂತು.

"ಬಾಲ್ಕನಿಗಿ ಹೋಗಾಕ ಅಂಜಿಕಿ ಬರತೈತಿ ಅಕ್ಕಾ. ಕೂಸಿನ ಅರಿವಿ ಒಣಹಾಕಾಕ ಹೋಗ್ತೀನಿ, ಕೆಳಗ ನೋಡ್ತೀನಿ. ಇಲ್ಲಿಂದ ಹೋಗಿಬಿಟ್ರ ಎಲ್ಲಾ ಮುಗದು ಹೋಕ್ಕೈತಲ್ಲ ಅನಸ್ತೈತಿ. ಆಮ್ಯಾಲೆ ಒಳಗ ಓಡಿ ಬಂದು ಬಾಗಲಾ ಹಾಕ್ಕೋತೀನಿ. ನನ್ನ ಕಂಡ್ರ ನನಗ ಅಂಜಿಕಿ."

ವತ್ಸಲಕ್ಕ ನನ್ನ ಕೈ ಅದುಮಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಆಮೇಲೆ ಡಾಕ್ಟರ ಕಡೆ ತಿರುಗಿ ಗುಜರಾತಿಯಲ್ಲಿ ಎರಡು ಮಾತು ಹೇಳಿದರು. ಎರಡೇ. ಡಾಕ್ಟರಮ್ಮ ತಲೆಯಾಡಿಸಿ, ನಗುಮುಖದಿಂದ ನನ್ನ ಕೆನ್ನೆ ತಟ್ಟಿ ಮಾತ್ರೆ ಬರೆದುಕೊಟ್ಟರು. ನಾನು ಅಷ್ಟುದ್ದ ಹೇಳಿದ್ದು ಇಷ್ಟು ಬೇಗ ಮುಗಿಯಿತಲ್ಲ, ಗುಜರಾತಿ ಬಹಳ ಚಿಕ್ಕ ಭಾಷೆಯಿರಬೇಕು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ. ಅಷ್ಟು ಬೆಪ್ಪಿಯಾಗಿದ್ದೆ ಎನ್ನುವುದಕ್ಕಿಂತ ಅಷ್ಟು ನಂಬಿದ್ದೆ ಎನ್ನುವುದು ಸರಿ.

"ಏನಂದ್ರ ಅಕ್ಕಾ?"

"ಮಜ್ಜಿಗೆ ಜಾಸ್ತಿ ಕುಡಿ, ಚೆನ್ನಾಗಿ ನಿದ್ದೆ ಮಾಡು, ಎಲ್ಲಾ ಸರಿಹೋಗತ್ತೆ ಅಂದ್ರು."

ಮಾರನೆಯ ದಿನವೇ ನಮ್ಮ ಮನೆಗೆ ಬಲೆ ಹಾಕುವವರು ಬಂದರು. ಎರಡು ವರ್ಷ ಕೇಳಿಯೂ ಸಿಗದ ಬಲೆ. ಬಾಲ್ಕನಿಯ ಮೇಲಿನಿಂದ ಕೆಳತನಕ ನೀಲಿ ನೈಲಾನ್ ಬಲೆ ಎಳೆದು ಕೊಕ್ಕೆ ಹೊಡೆದರು. ನನ್ನ ಗಂಡ ಕಚೇರಿಗೆ ರಜೆ ಹಾಕಿ ಪಕ್ಕದಲ್ಲೇ ನಿಂತು ಪ್ರತಿ ಕೊಕ್ಕೆಯನ್ನೂ ಎಳೆದೆಳೆದು ನೋಡಿದರು. "ಪಾರಿವಾಳದ ಕಾಟ ಬಾಳ ಆತು. ಕೂಸು ಬ್ಯಾರೆ ಐತಿ ಮನ್ಯಾಗ" ಎಂದರು. ಮದುವೆಯಾದ ಮೇಲೆ ನನ್ನ ಒಂದು ಮಾತು ನಡೆದದ್ದು ಅದೇ ಮೊದಲು ಅನ್ನಿಸಿ, ಅವತ್ತು ಅವರಿಗೆ ಇಷ್ಟವೆಂದು ಜುಣಕ ಮಾಡಿದೆ.

ದಿನ ಕಳೆಯಿತು. ಮಾತ್ರೆ ನುಂಗಿದೆ, ಮಜ್ಜಿಗೆ ಕುಡಿದೆ. ಏನೂ ಬದಲಾಗಲಿಲ್ಲ. ಎರಡನೇ ಸಲ ಹೋದಾಗಲೂ ನಾನು ಅದನ್ನೇ ಹೇಳಿದೆ, ಇನ್ನೂ ಬಿಡಿಸಿ ಹೇಳಿದೆ. ವತ್ಸಲಕ್ಕನದು ಮತ್ತೆ ಎರಡು ಮಾತು. ಡಾಕ್ಟರಮ್ಮ ಮತ್ತೆ ತಲೆಯಾಡಿಸಿ ಅದೇ ಮಾತ್ರೆ ಬರೆದರು. ಸಾಯಬೇಕು ಅನ್ನಿಸುತ್ತದೆ ಎಂದು ಎದುರಿಗೆ ಕೂತು ಹೇಳಿದರೂ ಡಾಕ್ಟರರೇ ತಲೆ ಕೆಡಿಸಿಕೊಳ್ಳದಿದ್ದರೆ ಅದಕ್ಕೆ ಎರಡೇ ಅರ್ಥ. ಎಲ್ಲ ಬಾಣಂತಿಯರಿಗೂ ಹೀಗೇ ಆಗುತ್ತದೆ, ಅವರೆಲ್ಲ ತಡೆದುಕೊಳ್ಳುತ್ತಾರೆ, ನಾನೊಬ್ಬಳೇ ಕೈಲಾಗದವಳು. ಇಲ್ಲವೇ ನನ್ನದು ಔಷಧಿ ದಾಟಿ ಹೋಗಿದೆ. ಆ ಬೇಸಿಗೆಯಲ್ಲಿ ನನ್ನನ್ನು ಕಾಯಿಲೆಗಿಂತ ಹೆಚ್ಚು ಅರೆದದ್ದು ಈ ಲೆಕ್ಕ. ಕೇಳುವ ಒಂದು ಕಿವಿ ಸಿಕ್ಕಿತು, ಕೇಳಿಯೂ ಸುಮ್ಮನಾಯಿತು ಎಂದುಕೊಂಡು ದಿನ ದೂಡುವುದಿದೆಯಲ್ಲ, ಅದು ಶತ್ರುವಿಗೂ ಬೇಡ.

ಅವತ್ತೇ ಬೆಂಚಿನ ಮೇಲೆ ಕೆನ್ನೆಗೆ ಬಟ್ಟೆ ಕಟ್ಟಿದವಳ ಪರಿಚಯವಾಯಿತು. ಹೆಸರು ಜಶಿಬೆನ್, ಬೆನ್ ಅಂದರೆ ಅಕ್ಕ. ಕಲೋಲ್ ಆಚೆಯ ಹಳ್ಳಿಯವಳು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನನ್ನ ಮುರುಕು ಹಿಂದಿ, ಅವಳ ಅರ್ಧ ಗುಜರಾತಿ ಹಿಂದಿ, ಮಿಕ್ಕಿದ್ದಕ್ಕೆ ಕೈಸನ್ನೆ. ಅವಳಿಗೆ ಹಲ್ಲುನೋವೇ ಇರಲಿಲ್ಲ. ಹಲ್ಲು ತೋರಿಸಿಕೊಳ್ಳಲು ಎಂದು ಹೇಳದಿದ್ದರೆ ಅತ್ತೆ ಮನೆಯಿಂದ ಬಿಡುತ್ತಿರಲಿಲ್ಲವಂತೆ. ಊರು ದಾಟುವ ತನಕವೆಂದು ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚಲು ಅವಳಿಗೆ ಮರೆತೇ ಹೋಗುತ್ತಿತ್ತು.

"ಎಷ್ಟು ಹಲ್ಲು ಕಿತ್ತರು ಅಂತ ಅತ್ತೆ ಕೇಳಿದರೆ?" ಎಂದು ಬೆರಳು ಮಡಚಿ ತೋರಿಸಿ ಕೇಳಿದೆ.

"ಬಾಯಿ ತೆಗೆದು ನೋಡುವಷ್ಟು ಪ್ರೀತಿ ಅವಳಿಗಿಲ್ಲ ಬೆನ್" ಎಂದಳು. ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಪಕ್ಕದಲ್ಲಿದ್ದ ವತ್ಸಲಕ್ಕ ಮಾತ್ರ, "ಅಂಥವರ ಜೊತೆ ಜಾಸ್ತಿ ಮಾತು ಬೇಡ ಕಣೆ. ಯಾವ ಕಾಯಿಲೆಯವರೋ ಏನೋ" ಎಂದು ನನ್ನನ್ನು ಈಚೆ ಎಳೆದು ಕೂರಿಸಿದರು.

ಮೇ ತಿಂಗಳಲ್ಲಿ ನನ್ನ ಸ್ಥಿತಿ ಬಿಗಡಾಯಿಸಿತು. ಒಂದು ಬೆಳಿಗ್ಗೆ ಗಂಡ ಕಚೇರಿಗೆ ಹೋದ ಮೇಲೆ, ಕೂಸು ತೊಟ್ಟಿಲಲ್ಲಿ ಮಲಗಿದ್ದಾಗ, ನಾನು ಬಾಲ್ಕನಿಯಲ್ಲಿ ನಿಂತು ಬಲೆಯ ಕಣ್ಣುಗಳಲ್ಲಿ ಬೆರಳು ಸಿಕ್ಕಿಸಿಕೊಂಡು ಬಿಗಿಯಾಗಿ ಹಿಡಿದಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ, ಕೂಸು ಅತ್ತಾಗ ಎಚ್ಚರವಾಯಿತು. ಬೆರಳುಗಳ ಮೇಲೆ ದಾರದ ಗೆರೆ ಮೂಡಿತ್ತು. ಇನ್ನು ತಡೆಯಲಾಗದು ಅನ್ನಿಸಿತು. ಅವತ್ತು ಡಾಕ್ಟರು ಬರುವ ದಿನ. ಕೆಳಗೆ ಹೋದರೆ ವತ್ಸಲಕ್ಕನ ಮನೆಯಲ್ಲಿ ಸೂರತ್ತಿನಿಂದ ಅವರ ತಮ್ಮನ ಮಗ ಬಂದಿದ್ದ, ಅಡಿಗೆಯ ಗಡಿಬಿಡಿ. "ಇವತ್ತಾಗಲ್ಲ, ಮುಂದಿನ ವಾರ ಹೋಗೋಣ" ಎಂದರು. ಸರಿ ಎಂದು ಮೇಲೆ ಬಂದೆ. ಕೂಸನ್ನು ಎತ್ತಿಕೊಂಡು ಹಿಂದಿನ ಗೇಟಿನಿಂದ ಒಬ್ಬಳೇ ಹೊರಟೆ. ಆ ಶಕ್ತಿ ಎಲ್ಲಿಂದ ಬಂತೋ ಕಾಣೆ.

ಜಶಿಬೆನ್ ಅಲ್ಲೇ ಇದ್ದಳು. ನನ್ನ ಮುಖ ನೋಡಿದವಳೇ ಕೂಸನ್ನು ತನ್ನ ಮಡಿಲಿಗೆ ಎತ್ತಿಕೊಂಡು, ತನ್ನ ಸರದಿಯಲ್ಲಿ ನನ್ನನ್ನು ಒಳಗೆ ಕಳಿಸಿದಳು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. ಜೊತೆಗೆ ಯಾರೂ ಇಲ್ಲದ್ದನ್ನು ಕಂಡು ನಿಧಾನವಾಗಿ ಹಿಂದಿಯಲ್ಲಿ ಕೇಳಿದರು.

"ತಲೆನೋವು ಹೇಗಿದೆ ಮಗಳೇ? ಅಮ್ಮನ ನೆನಪು ಕಡಿಮೆಯಾಯಿತೆ?"

ಯಾವ ತಲೆನೋವು? ನನಗೆ ಯಾವತ್ತೂ ತಲೆ ನೋಯುತ್ತಿರಲಿಲ್ಲ. ಬೇರೆ ಯಾರದೋ ಚೀಟಿ ನೋಡಿ ಕೇಳುತ್ತಿದ್ದಾರೆ ಎಂದುಕೊಂಡು, "ನಾನು ಸುಮಂಗಲಾ" ಎಂದೆ. ಗೊತ್ತು ಎಂದರು. ಹೆರಿಗೆಯ ನಂತರದ ತಲೆನೋವು, ನಿಶ್ಶಕ್ತಿ, ತವರಿನ ಹಂಬಲ. ನಿಮ್ಮ ಅಕ್ಕ ಎರಡೂ ಸಲ ಅದನ್ನೇ ಹೇಳಿದರಲ್ಲ ಎಂದರು. ಬೇರೇನಾದರೂ ಇದೆಯೇ ಎಂದು ತಾವು ಎರಡೂ ಸಲ ಕೇಳಿದ್ದಾಗಿಯೂ, ಅಕ್ಕ ಇಲ್ಲ ಎಂದದ್ದಾಗಿಯೂ ಹೇಳಿದರು.

ಆ ಕ್ಷಣದಲ್ಲಿ ಸಿಟ್ಟು ಬರಲಿಲ್ಲ, ಅದು ಆಮೇಲೆ ಬಂತು. ಮೊದಲು ಬಂದದ್ದು ಸಮಾಧಾನ. ಡಾಕ್ಟರರಿಗೆ ಗೊತ್ತೇ ಇಲ್ಲ. ಹಾಗಾದರೆ ನನ್ನದು ಔಷಧಿ ದಾಟಿ ಹೋಗಿಲ್ಲ. ನಾನು ಆ ತರಕಾರಿ ಗಾಡಿಯ ಹಿಂದಿಯನ್ನೇ ಎತ್ತಿಕೊಂಡು ಹೇಳತೊಡಗಿದೆ. ಮೂರನೇ ಮಹಡಿ ಎಂದು ಬೆರಳು ತೋರಿಸಿದೆ. ಕೆಳಗೆ ಎಂದು ತೋರಿಸಿದೆ. "ಮನ್ ಕರ್ತಾ ಹೈ", ಮನಸ್ಸಾಗುತ್ತದೆ, ಎಂದೆ. ಕೂಸು ನನ್ನದಲ್ಲ ಅನ್ನಿಸುತ್ತದೆ ಎನ್ನುವುದಕ್ಕೆ ಎದೆ ಮುಟ್ಟಿಕೊಂಡು ಖಾಲಿ ಅಂಗೈ ತೋರಿಸಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ಹೊರಗೆ ಇನ್ನೂ ಎಷ್ಟೋ ಜನರಿದ್ದರೂ ನಾನು ಮುಗಿಸುವ ತನಕ ಬಾಗಿಲು ತೆಗೆಯಲಿಲ್ಲ. ಇದು ಕಾಯಿಲೆ, ನಿನ್ನ ತಪ್ಪಲ್ಲ, ಇದಕ್ಕೆ ಔಷಧಿ ಇದೆ ಎಂದು ಮೂರು ಸಣ್ಣ ವಾಕ್ಯಗಳಲ್ಲಿ ನನಗೆ ತಿಳಿಯುವ ಹಾಗೆ ಹೇಳಿದರು. ಬೇರೆ ಮಾತ್ರೆ ಬರೆದರು. ಇದನ್ನು ಇನ್ನು ಯಾರಿಗೆ ಹೇಳಿದ್ದೀಯ ಎಂದು ಕೇಳಿದರು.

"ಯಾರಿಗೂ ಇಲ್ಲ. ಇಲ್ಲಿ ಮಾತ್ರ" ಎಂದೆ.

ಹಾಗೆ ಹೇಳಿ ಆಟೋದಲ್ಲಿ ಮನೆಗೆ ಬಂದವಳು ಸೊಸೈಟಿಯ ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಎಲ್ಲರ ಬಾಲ್ಕನಿಗೂ ಬಲೆಯಿತ್ತು, ಧೂಳು ಹಿಡಿದು ಕಪ್ಪಾಗಿತ್ತು. ನಮ್ಮದು ಮಾತ್ರ ಹೊಸದು, ನೀಲಿ. ಎರಡು ವರ್ಷ ಬೇಡಿದರೂ ಬಾರದ್ದು ಆಸ್ಪತ್ರೆಗೆ ಹೋದ ಮಾರನೆಯ ದಿನ ಬಂದಿತ್ತು. ಪ್ರತಿ ಕೊಕ್ಕೆಯನ್ನೂ ಎಳೆದು ನೋಡಿದ ನನ್ನ ಗಂಡ ಪಾರಿವಾಳದ ಭಾರ ಲೆಕ್ಕ ಹಾಕುತ್ತಿರಲಿಲ್ಲ. ನನ್ನ ಭಾರ ಲೆಕ್ಕ ಹಾಕುತ್ತಿದ್ದರು. ನಾನು ಆ ಕೋಣೆಯಲ್ಲಿ ಡಾಕ್ಟರರಿಗೆಂದು ಹೇಳಿದ್ದು ಡಾಕ್ಟರರೊಬ್ಬರನ್ನು ಬಿಟ್ಟು ಬೇಕಾದವರಿಗೆ ತಲುಪಿತ್ತು. ಕೂಸನ್ನು ಎತ್ತಿಕೊಂಡು ಆ ಬಿಸಿಲಲ್ಲಿ ನಿಂತೇ ಇದ್ದೆ. ವಾಚ್‌ಮನ್ ಬಂದು ನೆರಳಿಗೆ ಹೋಗಿ ಎಂದ.

ಸಂಜೆ ಗಂಡ ಚಹಾ ಕುಡಿಯುವಾಗ ಕೇಳಿದೆ.

"ನೆಟ್ ಯಾತಕ್ಕ ಹಾಕಿಸಿದ್ರಿ?"

ಅವರು ಕಪ್ಪು ಕೆಳಗಿಟ್ಟರು. ನನ್ನ ಮುಖ ನೋಡಿ ಪಾರಿವಾಳದ ಮಾತು ಎತ್ತಲಿಲ್ಲ.

"ವತ್ಸಲಕ್ಕ ಹೇಳಿದ್ರು."

"ಡಾಕ್ಟರಿಗೆ ಯಾಕ ಹೇಳ್ಲಿಲ್ಲ ಅವ್ರು?"

"ನಾನ ಬ್ಯಾಡ ಅಂದಿದ್ದೆ, ನೀವು ಹೋಗೂಕಿಂತ ಮದಲ. ಆಕಿ ಏನ ಹೇಳಿದ್ರೂ ತಲಿನೋವು ಅಂತಷ್ಟ ಹೇಳ್ರಿ ಅಂತ." ಕಪ್ಪನ್ನು ಬಸಿಯ ಮೇಲೆ ಸರಿಮಾಡಿ ಮುಂದುವರಿಸಿದರು. "ರೂಪಾನ ಮಾತುಕತಿ ನಡದೈತಿ ಸುಮಾ. ವತ್ಸಲಕ್ಕನ ತಮ್ಮನ ಮಗಾ. ಚೊಲೋ ಮನಿತನ. ಡಾಕ್ಟರಿಗೆ ಹೇಳಿದ್ರ ದೊಡ್ಡ ಗುಳಿಗಿ ಕೊಡ್ತಾರ, ಹುಚ್ಚರ ಗುಳಿಗಿ ಅಂತ ನಾಕು ಮಂದಿಗೆ ಗೊತ್ತಾಕ್ಕೈತಿ. ಮದುವಿ ಒಂದು ಮುಗೀಲಿ ಅಂತ ಇಬ್ರೂ ಮಾತಾಡ್ಕೊಂಡಿದ್ವಿ."

"ಅಲ್ಲೀತನಕ ನಾ?"

"ನೆಟ್ ಹಾಕಿಸೀನಲ್ಲ" ಎಂದರು.

ಅದನ್ನು ಅವರು ಕೆಟ್ಟದಾಗಿ ಹೇಳಲಿಲ್ಲ. ಮಾಡಬೇಕಾದ್ದನ್ನು ಮಾಡಿದ್ದೇನೆ, ಇನ್ನೇನು ಬೇಕು ಎನ್ನುವ ಹಾಗೆ ಹೇಳಿದರು. ಹೊಡೆದಿದ್ದರೆ, ಬೈದಿದ್ದರೆ ನನಗೆ ಅರ್ಥವಾಗುತ್ತಿತ್ತು. ನಾನು ಸಾಯುವೆನೆಂದು ಅವರು ನಿಜವಾಗಿಯೂ ಹೆದರಿದ್ದರು, ಹೆದರಿ ಬಲೆ ತಂದರು. ಔಷಧಿ ತರಲಿಲ್ಲ. ಬಲೆ ಕಂಡವರು ಏನೂ ಕೇಳುವುದಿಲ್ಲ, ಗುಳಿಗೆ ಕಂಡರೆ ಕೇಳುತ್ತಾರೆ.

ವತ್ಸಲಕ್ಕನ ಸರದಿ ಎರಡು ದಿನದ ಮೇಲೆ ಬಂತು. ಗುಜರಾತಿನಲ್ಲಿ ಬೇಸಿಗೆಗೆ ವರ್ಷದ ಗೋಧಿ ತಂದು, ಆರಿಸಿ, ಹುಳ ಬೀಳದಿರಲೆಂದು ಹರಳೆಣ್ಣೆ ಸವರಿ ಪೀಪಾಯಿಗೆ ತುಂಬುತ್ತಾರೆ. ಸೊಸೈಟಿಯ ಹೆಂಗಸರೆಲ್ಲ ಪಾರ್ಕಿಂಗಿನ ನೆರಳಲ್ಲಿ ಹಳೆಯ ಸೀರೆ ಹಾಸಿಕೊಂಡು ಕೂತಿದ್ದರು. ವತ್ಸಲಕ್ಕ ನಡುವೆ ಕೂತು ಮೊಳಕೈ ತನಕ ಎಣ್ಣೆ ಮಾಡಿಕೊಂಡು ಗೋಧಿ ತಿಕ್ಕುತ್ತಿದ್ದರು. ನಾನೂ ಎದುರಿಗೆ ಕೂತು ಗೋಧಿಗೆ ಕೈಹಾಕಿದೆ. ಅವ್ವ ನನಗೂ ಕೂಸಿಗೂ ಹಚ್ಚುತ್ತಿದ್ದ ಅದೇ ಎಣ್ಣೆಯ ವಾಸನೆ.

"ನನಗ ತಲಿನೋವು ಯಾವಾಗಿತ್ರಿ ಅಕ್ಕಾ?" ಎಂದೆ.

ಅವರ ಕೈ ನಿಂತು, ಮತ್ತೆ ಆಡತೊಡಗಿತು. "ಗಿರೀಶ ಹೇಳಿದ್ನಾ?"

"ಡಾಕ್ಟರ್ ಹೇಳಿದ್ರು."

"ನೋಡು ಸುಮಾ, ನಾನು ನಿನ್ನ ಒಳ್ಳೇದಕ್ಕೇ ಮಾಡಿದ್ದು. ನೀನು ಹೇಳಿದ್ದನ್ನ ಹಾಗೇ ಹೇಳಿದ್ರೆ ನಿನ್ನ ಮೇಲೆ ಒಂದು ಮುದ್ರೆ ಬಿದ್ದುಬಿಡ್ತಿತ್ತು. ಈ ಊರಲ್ಲಿ ಕನ್ನಡದವರು ನಾವು ಎಷ್ಟು ಜನ ಇದೀವಿ? ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾಗದೆ ಇರತ್ತಾ?"

"ಗೊತ್ತಾಕ್ಕೈತ್ರಿ. ನೀವ ಹೇಳ್ತೀರಲ್ಲ."

"ನಾನು ಗಂಡಂಗೆ ಹೇಳ್ದೆ ಕಣೆ. ಬೇರೆ ಯಾರಿಗೆ ಹೇಳ್ದೆ?"

"ನಾ ಹೇಳಿದ್ದು ಡಾಕ್ಟರಿಗ್ರಿ. ನಿಮ್ಮ ಬಾಯಿ ನನ್ನ ಬಾಯಿ ಅಂತ ತಿಳಕೊಂಡು ಹೇಳಿದ್ದೆ. ನೀವು ನನ್ನ ಬಾಯಿ ಒಯ್ದು ಮದುವಿ ಮಾಡಾಕ ಹೊಂಟ್ರಿ."

ಧ್ವನಿ ಏರಿಸಲಿಲ್ಲ. ಸುತ್ತ ಕೂತವರಿಗೆ ನಾವು ಗೋಧಿಯ ಮಾತು ಆಡುತ್ತಿದ್ದೇವೆ ಅನ್ನಿಸಿರಬೇಕು. ಒಬ್ಬಾಕೆ ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ವತ್ಸಲಕ್ಕ ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿ ಎಣ್ಣೆ ಇದ್ದದ್ದು ನೆನಪಾಗಿ, ಭುಜಕ್ಕೆ ಒರೆಸಿಕೊಂಡರು. ಅವರಿಗೆ ಅಳು ಬರುವುದು ಸುಲಭ. ನಾನು ಎದ್ದು ಬಂದೆ.

ಜೂನ್ ಕೊನೆಗೆ ಮಳೆ ಬಂತು. ಔಷಧಿ ಹಿಡಿಯಲು ವಾರಗಳೇ ಬೇಕಾದವು. ಆಮೇಲೆ ಒಂದು ದಿನ ಕೂಸು ಅತ್ತದ್ದು ನನ್ನ ಕೂಸು ಅತ್ತ ಹಾಗೆ ಕೇಳಿಸಿತು. ಓಡಿಹೋಗಿ ಎತ್ತಿಕೊಂಡೆ. ಆಸ್ಪತ್ರೆಗೆ ಪ್ರತಿ ಸಲವೂ ಒಬ್ಬಳೇ ಹೋದೆ. ಬೆಂಚಿನ ಮೇಲೆ ಜಶಿಬೆನ್ ಹತ್ತಿರ ಗುಜರಾತಿ ಕಲಿತೆ, ಮೊದಲು ಕಲಿತದ್ದು ಸಂಕಟದ ಮಾತುಗಳನ್ನೇ. ದಿನಸಿ ಮಾತು ಆಮೇಲೆ ಬಂತು. ಇನ್ನು ಯಾರ ಬಾಯನ್ನೂ ಎರವಲು ಕೇಳುವುದಿಲ್ಲ ಎಂದು ನಿರ್ಧರಿಸಿದ್ದೆ.

ರೂಪಾಳ ಮದುವೆ ಸೂರತ್ತಿನಲ್ಲಿ ಚೆನ್ನಾಗಿ ನಡೆಯಿತು. ನಾನು ರೇಷ್ಮೆ ಸೀರೆ ಉಟ್ಟು ಓಡಾಡಿದೆ. "ನಮ್ಮ ಸುಮಾ ಬಂಗಾರದಂಥ ಹುಡುಗಿ" ಎಂದು ವತ್ಸಲಕ್ಕ ಬೀಗರಿಗೆಲ್ಲ ಪರಿಚಯ ಮಾಡಿಸಿದರು. ನಮಗೆ ವಡೋದರಾಕ್ಕೆ ವರ್ಗವಾಯಿತು. ಸಂಸಾರ ನಡೆದಿದೆ. ಗಂಡ ಒಳ್ಳೆಯವರೇ, ಮಗಳನ್ನು ಶಾಲೆಗೆ ಬಿಡುತ್ತಾರೆ, ನನಗೆ ಜ್ವರ ಬಂದರೆ ಗಂಜಿ ಮಾಡುತ್ತಾರೆ. ಆದರೆ ಅವತ್ತಿನಿಂದ ಅವರು ನನಗೆ ಏನಾದರೂ ಒಳ್ಳೆಯದು ಮಾಡಿದರೆ ಮೊದಲು ಭಯವಾಗುತ್ತದೆ, ಇದರ ಹಿಂದೆ ಇನ್ನೇನು ಗೊತ್ತಾಗಿದೆಯೋ ಎಂದು. ಇಷ್ಟು ವರ್ಷದಲ್ಲಿ ಅದು ಹೋಗಿಲ್ಲ.

ಈಗ ರೂಪಾಳಿಗೆ ಮಗುವಾಗಿದೆ. ಐದು ವರ್ಷ ಕಾದು, ಹರಕೆ ಹೊತ್ತು ಪಡೆದ ಮಗು. ಅಂಥ ಮಗುವನ್ನು ಹಡೆದವಳಿಗೆ ಅಳುವ ಹಕ್ಕು ಯಾರೂ ಕೊಡುವುದಿಲ್ಲ. ಹೋದ ತಿಂಗಳು ನನ್ನ ಗಂಡ, "ರೂಪಾಗ ನಿದ್ದಿ ಬರವಲ್ಲದಂತ. ನಿನಗ ಗುಜರಾತಿ ಬರ್ತೈತಿ, ಜೋಡಿ ಹೋಗಿ ತೋರಿಸ್ಕೊಂಡು ಬಾ" ಎಂದರು. ಸ್ಟೇಷನ್ನಿಗೆ ಬಿಡಲು ಬಂದವರು ರೈಲು ಹೊರಡುವಾಗ ಕಿಟಕಿಯ ಬಳಿ ಬಗ್ಗಿ, "ಹೇಳೂವಾಗ ನೋಡ್ಕೊಂಡು ಹೇಳು" ಎಂದರು.

ಹ್ಞಾಂ, ಸೂರತ್ತಿನ ಆ ಬೆಂಚು. ಲಾವಂಚದ ವಾಸನೆಗೆ ಸೆರಗು ಮುಚ್ಚಿಕೊಂಡು ಕೂತಿದ್ದೆ. ರೂಪಾ ತೊಡೆಯ ಮೇಲಿನ ಮಗುವನ್ನು ನೋಡದೆ ಗೋಡೆ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ನನ್ನ ಆ ವರ್ಷದ ಕತೆ ಅವಳಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಏನಾದರೂ ಮಾತಾಡಿಸೋಣವೆಂದು, ಅಣ್ಣ ಟೂರಿಗೆಂದು ಈ ಕಡೆ ಬಂದಾಗ ಮನೆಗೆ ಬಂದಿದ್ದನೇ ಎಂದು ಕೇಳಿದೆ.

"ಹೋದ ವಾರ ಆಫೀಸಿನ ಕೆಲಸಕ್ಕ ಬಂದಿದ್ದ, ವೈನಿ. ಒಂದು ದಿನಾ ನಿಂತು ಬಾಲ್ಕನಿಗಿ ನೆಟ್ ಹಾಕಿಸಿ ಹೋದ. ಪಾರಿವಾಳ ಬಾಳ ಅದಾವು ಅಂತ" ಎಂದಳು ರೂಪಾ. ಗೋಡೆ ನೋಡುತ್ತಲೇ, "ನಮ್ಮ ಮನಿಗಿ ಪಾರಿವಾಳ ಬರೂದ ಇಲ್ಲ" ಎಂದಳು.

ಕಾಂಪೌಂಡರ್ ಅವಳ ಹೆಸರು ಕರೆದ.

ಒಳಗೆ ಕೂತ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಏನು ತೊಂದರೆ ಎಂದು ಗುಜರಾತಿಯಲ್ಲಿ ಕೇಳಿದರು. ರೂಪಾ ನನ್ನ ಕಡೆ ನೋಡಿ, "ನಿದ್ದಿ ಬರಂಗಿಲ್ಲ ಅಂತ ಹೇಳ್ರಿ ವೈನಿ, ಸಾಕು" ಎಂದಳು.

"ಬಾಲ್ಕನೀದು ಹೇಳು" ಎಂದೆ. "ನನಗೂ ಆಗಿತ್ತು. ನಿಮ್ಮಣ್ಣ ನನಗೂ ನೆಟ್ ಹಾಕಿಸಿದ್ದ."

ಅವಳು ನನ್ನನ್ನೇ ನೋಡಿದಳು. ಮಗುವನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಹೇಳತೊಡಗಿದಳು, ನಿಲ್ಲಿಸಿ ನಿಲ್ಲಿಸಿ, ಕೆಲವೊಮ್ಮೆ ಹೇಳಿದ್ದನ್ನೇ ಮತ್ತೆ. ಅವಳು ನಿಂತಾಗ ನಿಂತು, ಮತ್ತೆ ಹೇಳಿದ್ದನ್ನು ಮತ್ತೆ ಹೇಳಿ, ನಾನು ಗುಜರಾತಿಯಲ್ಲಿ ಎಲ್ಲವನ್ನೂ ಡಾಕ್ಟರರ ಮುಂದಿಟ್ಟೆ. ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ ನನಗೂ ಅಷ್ಟೇ ಹಿಡಿಯಿತು. ಗುಜರಾತಿ ಚಿಕ್ಕ ಭಾಷೆಯೇನಲ್ಲ. ತನ್ನ ಗಂಡನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ರೂಪಾ ತಾನೇ ಡಾಕ್ಟರರ ಜೊತೆ ಮಾತಾಡಿ ನಿರ್ಧರಿಸಿಕೊಂಡಳು. ನಾನು ಅದಕ್ಕೂ ಬಾಯಿಯಾದೆ, ಅಷ್ಟೇ.

ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ಫೋನು ಬಂತು. ನನ್ನ ಗಂಡ.

"ಏನಂದ್ರು ಡಾಕ್ಟರು? ನೀ ಏನ್ ಹೇಳ್ದಿ?"

ರೂಪಾ ಮಾತ್ರೆಯ ಚೀಟಿಯನ್ನು ತಾನೇ ಕಿಟಕಿಯೊಳಗೆ ಚಾಚುತ್ತಿದ್ದಳು. ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ತಲಿನೋವು ಅಂತ ಹೇಳೀನ್ರಿ" ಎಂದೆ. "ಅವ್ವನ ನೆನಪು ಬಾಳ ಆಗೇತಿ ಅಂತ. ಮಜ್ಜಿಗಿ ಕುಡಿ ಅಂದ್ರು."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

"ಶಾಣ್ಯಾಕಿ" ಎಂದರು.